ಭಾನುವಾರದ ಅರ್ಧ ಗಂಟೆ

ನ್ಯೂಜೆರ್ಸಿಯ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನಾನು ಭಾನುವಾರ ಕನ್ನಡ ಕಲಿಸುತ್ತೇನೆ. ಹೈಸ್ಕೂಲಿನ ಒಂಬತ್ತು ಮಕ್ಕಳು ಬರುತ್ತಿದ್ದರು. ಒಂದು ದಿನ ಒಬ್ಬ ಕೇಳಿದ: "ಆಂಟಿ, ಆ ಒಂದು ರಸ್ತೆ ಬಂದ ಕೂಡಲೇ ಅಪ್ಪ ಕಾರ್ ಲಾಕ್ ಮಾಡ್ತಾರೆ, ಯಾಕೆ?" ಅಲ್ಲಿ ಕರಿಯರು ಇರ್ತಾರೆ ಅಂತ. ಉತ್ತರ ಎಲ್ಲರಿಗೂ ಗೊತ್ತಿತ್ತು. ಹಾಗೆ ನಾನೂ ಲಾಕ್ ಮಾಡಿದವಳೇ.

ಅವತ್ತಿನಿಂದ ಪಾಠದಲ್ಲಿ ಅರ್ಧ ಗಂಟೆ ಈ ಬಣ್ಣಭೇದದ ಮಾತಿಗೇ ಇಟ್ಟೆ. ಮೊದಲ ವಾರವೇ ಎಡವಿದೆ. ಪಂಜಾಬಿನಿಂದ ಅಮೆರಿಕಕ್ಕೆ ಬಂದಿದ್ದ ಭಗತ್ ಸಿಂಗ್ ತಿಂಡ್ ಬಿಳಿಯರಲ್ಲ, ಅವರಿಗೆ ಪೌರತ್ವ ಇಲ್ಲ ಎಂದು 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಕಥೆ ಹೇಳಿದೆ. ಮಕ್ಕಳಿಗೆ ಸಿಟ್ಟು ಬಂತು, ನನಗೆ ಖುಷಿಯಾಯಿತು. ಆದರೆ ತಿಂಡ್ ಪರವಾಗಿ ನಡೆದ ವಾದವೇನು? ಅವರು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯರೇ ಅಂತ! ಆ ಭಾಗವನ್ನು ನಾನು ಸುಮ್ನೆ ನುಂಗಿಬಿಟ್ಟಿದ್ದೆ. ಮುಂದಿನ ವಾರ ಒಪ್ಪಿಕೊಂಡೆ.

ಆಮೇಲೆ ಫ್ರೆಡರಿಕ್ ಡಗ್ಲಾಸ್. ಬಾಲ್ಟಿಮೋರ್‌ನಲ್ಲಿ ಗುಲಾಮನಾಗಿದ್ದ ಹುಡುಗ. ಒಡತಿ ಅಕ್ಷರ ಕಲಿಸತೊಡಗಿದಳು, ಒಡೆಯ ತಡೆದ. ಓದು ಬಂದರೆ ಇವನು ಕೈಗೆ ಸಿಗಲ್ಲ ಅಂತ. ಹುಡುಗ ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಅಕ್ಷರ ಕಲಿತ. ಅಕ್ಷರಕ್ಕೆ ಬೇಲಿ ಹಾಕುವುದು ನಮ್ಮೂರಿಗೂ ಹೊಸದಲ್ಲ, ಅಲ್ವಾ? ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ'ಯನ್ನು ಅರ್ಪಿಸಿದ್ದೇ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ.

ಜಾಸ್ತಿ ಹೊತ್ತು ಹಿಡಿದದ್ದು ಅಮೆರಿಕದ ಸಂವಿಧಾನಕ್ಕೆ 1865ರಲ್ಲಿ ಆದ 13ನೇ ತಿದ್ದುಪಡಿ. ಗುಲಾಮಗಿರಿ ಇನ್ನಿಲ್ಲ, ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ಇರಬಹುದು. ಆ 'ಆದರೆ'ಯ ಮೇಲೆ ಮೂರು ವಾರ ಕೂತೆವು. ಕೆಲಸವಿಲ್ಲದೆ ಅಲೆಯುತ್ತಿದ್ದಾರೆ ಎಂದು ದಕ್ಷಿಣದ ರಾಜ್ಯಗಳು ಕಪ್ಪು ಜನರನ್ನು ಹಿಡಿದವು, ಕೈದಿಗಳನ್ನು ತೋಟಕ್ಕೆ, ಗಣಿಗೆ ಬಾಡಿಗೆಗೆ ಕೊಟ್ಟವು. ಜೈಲೇ ಬೇಡ ಎನ್ನುವ ಕಪ್ಪು ಹೋರಾಟಗಾರ್ತಿ ಏಂಜೆಲಾ ಡೇವಿಸ್ ಮಾತು ಬಂದಾಗ ಒಬ್ಬಳು, "ಹಾಗಾದ್ರೆ ಕೊಲೆ ಮಾಡಿದವರು?" ಎಂದಳು. ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಗುಲಾಮರ ಬೇಡಿ ಕಡಿದರಷ್ಟೇ ಸಾಲದು, ಜಮೀನು, ಶಾಲೆ, ಓಟು ಎಲ್ಲ ಬೇಕಿತ್ತು ಎಂದು ಕಪ್ಪು ಚಿಂತಕ ಡುಬಾಯ್ಸ್ 1935ರಲ್ಲಿ ಬರೆದದ್ದನ್ನು ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ.

ಒಬ್ಬರು ಫೋನ್ ಮಾಡಿದರು. "ಅಕ್ಕ, ವಚನ ಹೇಳಿಕೊಡಿ, ರಾಜಕೀಯ ಯಾಕೆ?" ನಮಗೆಲ್ಲ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದು ಕಪ್ಪು ಜನರ ಹೋರಾಟದ ಕಾವಿನಲ್ಲೇ ಎಂದೆ. ಅವರ ಇಬ್ಬರು ಮಕ್ಕಳು ಆಮೇಲೆ ಬರಲಿಲ್ಲ.

ಕಾರ್ ಲಾಕ್ ಬಗ್ಗೆ ಮನೆಯಲ್ಲಿ ಕೇಳಿ ಕನ್ನಡದಲ್ಲಿ ಬರೆದು ತನ್ನಿ ಎಂದು ಹೋಂವರ್ಕ್ ಕೊಟ್ಟಿದ್ದೆ. ಆ ಹುಡುಗ ಬರೆದದ್ದು ಎರಡೇ ಸಾಲು: "ಅದು ತಾನಾಗೇ ಲಾಕ್ ಆಗುತ್ತೆ ಅಂದರು ಅಪ್ಪ. ನಮ್ಮದು ಹಳೇ ಕಾರು."