ಎರಡು ಏರಿಯಾದಲ್ಲಿ ಯಾವುದು ಸರಿ? ಮನೆ ಬದಲಿಸುವ ಮೊದಲು ಹೀಗೆ ಹೋಲಿಸಿ

'ಆ ಏರಿಯಾ ದುಬಾರಿಯಂತೆ, ಈ ಕಡೆ ಅಗ್ಗವಂತೆ' ಎಂಬ ಅಂತೆಕಂತೆ ನಂಬಿ ಮುಂಗಡ ಕೊಡಬೇಡಿ. ಕಾಗದ, ಪೆನ್ನು ಹಿಡಿದು ಕೂತರೆ ನಿಜ ಗೊತ್ತಾಗುತ್ತದೆ.

ಮೊದಲು, ಎರಡೂ ಕಡೆ ಒಂದೇ ಥರದ ಮನೆ ನೋಡಿ. ಅಷ್ಟೇ ಕೋಣೆ, ಹೆಚ್ಚುಕಡಿಮೆ ಅಷ್ಟೇ ಹಳೆಯ ಕಟ್ಟಡ. ಚದರಡಿ ಲೆಕ್ಕಕ್ಕೆ ಕಾರ್ಪೆಟ್ ಏರಿಯಾ, ಅಂದರೆ ಗೋಡೆಯೊಳಗಿನ ಜಾಗವನ್ನೇ ಹಿಡಿಯಿರಿ. ಜಾಹೀರಾತಿನ ಅಳತೆಯಲ್ಲಿ ಮೆಟ್ಟಿಲು, ಲಿಫ್ಟಿನ ಪಾಲೂ ಸೇರಿರಬಹುದು. 1,000 ಚದರಡಿ ಎಂದ ಮನೆಯಲ್ಲಿ 700 ಮಾತ್ರ ಬಳಕೆಗೆ ಸಿಕ್ಕರೆ ದರದ ಲೆಕ್ಕವೇ ತಲೆಕೆಳಗು.

ಆಮೇಲೆ ದರ. ಇಲ್ಲೇ ಜಾಸ್ತಿ ಜನ ಎಡವುವುದು. ಮಾಲೀಕರು ಕೇಳುವ ದರ ಬೇರೆ, ಕುದುರುವ ದರ ಬೇರೆ. ಈಚೆಗೆ ಮನೆ ಹಿಡಿದವರನ್ನು ಕೇಳಿ. ಕೊಳ್ಳುವುದಾದರೆ ನೋಂದಣಿಯಾದ ದರ ನೋಡಿ. ಸರಾಸರಿಯನ್ನು ನೆಚ್ಚಬೇಡಿ. ಐದು ಮನೆಗಳ ಬಾಡಿಗೆ 20, 21, 22, 24, 48 ಸಾವಿರ ಎಂದಿಟ್ಟುಕೊಳ್ಳಿ. ಸರಾಸರಿ 27 ಸಾವಿರ. ಆದರೆ ನಾಲ್ಕು ಮನೆಗಳು ಅದಕ್ಕಿಂತ ಕಡಿಮೆಗೇ ಸಿಗುತ್ತಿವೆ, ಅಲ್ವಾ? ಒಂದೇ ಒಂದು ದುಬಾರಿ ಮನೆ ಲೆಕ್ಕ ಕೆಡಿಸಿತು. ಏರಿಕೆ ಕ್ರಮದಲ್ಲಿ ಬರೆದು ನಡುವಿನ ಸಂಖ್ಯೆ ಹಿಡಿಯಿರಿ: 22 ಸಾವಿರ. ಎರಡೂ ಏರಿಯಾದ ನಡುವಿನ ಸಂಖ್ಯೆಯನ್ನೇ ಅಕ್ಕಪಕ್ಕ ಇಡಿ.

ಮನೆ ಎಷ್ಟು ದಿನದಿಂದ ಖಾಲಿ ಇದೆ ಎಂದೂ ಕೇಳಿ. ಒಂದೇ ಮನೆಯ ಜಾಹೀರಾತು ವಾರಗಟ್ಟಲೆ ಕಾಣುತ್ತಿದ್ದರೆ, ಅದರಲ್ಲೂ ದರ ಇಳಿಯುತ್ತಿದ್ದರೆ, ಧೈರ್ಯವಾಗಿ ಚೌಕಾಸಿ ಮಾಡಿ. ಎರಡೇ ದಿನಕ್ಕೆ ಮನೆಗಳು ಹೋಗುತ್ತಿರುವ ಕಡೆ ಅಷ್ಟು ಅವಕಾಶ ಇರುವುದಿಲ್ಲ. ಅಂಥ ಕಡೆ ಬೇಗ ತೀರ್ಮಾನಿಸಬೇಕಾಗುತ್ತದೆ, ಹಾಗಾಗಿ ಮನೆಯವರೆಲ್ಲ ಮೊದಲೇ ಮಾತಾಡಿಕೊಂಡು ನೋಡಲು ಹೋಗಿ.

ಕೊಳ್ಳುವುದೋ, ಬಾಡಿಗೆಯೋ ಎಂಬ ಗೊಂದಲವಿದ್ದರೆ ಮನೆಯ ಬೆಲೆಯನ್ನು ಒಂದು ವರ್ಷದ ಬಾಡಿಗೆಯಿಂದ ಭಾಗಿಸಿ. 60 ಲಕ್ಷದ ಮನೆಗೆ ತಿಂಗಳಿಗೆ 20 ಸಾವಿರ ಬಾಡಿಗೆಯಾದರೆ ಉತ್ತರ 25. ಇನ್ನೊಂದು ಏರಿಯಾದಲ್ಲಿ ಅದೇ ಬಾಡಿಗೆಯ ಮನೆಗೆ 72 ಲಕ್ಷವಾದರೆ 30. ಸಂಖ್ಯೆ ದೊಡ್ಡದಾದಷ್ಟೂ ಅಲ್ಲಿ ಕೊಳ್ಳುವುದಕ್ಕಿಂತ ಬಾಡಿಗೆಗಿರುವುದು ಹಗುರ.

ಕೊನೆಗೆ ಓಡಾಟದ ಖರ್ಚು, ನಿರ್ವಹಣಾ ಶುಲ್ಕ, ಪಾರ್ಕಿಂಗ್ ಎಲ್ಲವನ್ನೂ ಬಾಡಿಗೆಗೆ ಕೂಡಿಸಿ. 3 ಸಾವಿರ ಅಗ್ಗದ ಮನೆಗೆ ಓಡಾಟವೇ 4 ಸಾವಿರ ತಿಂದರೆ ಏನು ಉಳಿಯಿತು? ಭಾನುವಾರ ಸುಮ್ನೆ ನೋಡಿ ಬಂದರೆ ಇದು ತಿಳಿಯುವುದಿಲ್ಲ. ಕೆಲಸದ ದಿನ, ನೀವು ಹೊರಡುವ ಹೊತ್ತಿಗೇ ಎರಡೂ ಕಡೆಯಿಂದ ಒಮ್ಮೆ ಹೋಗಿ ನೋಡಿ. ಖಾಲಿ ಮಾಡುತ್ತಿರುವ ಬಾಡಿಗೆದಾರರು ಸಿಕ್ಕರೆ, ಯಾಕೆ ಬಿಡುತ್ತಿದ್ದೀರಿ ಎಂದು ತಪ್ಪದೆ ಕೇಳಿ.