ಎಡಿಎಚ್‌ಡಿ ಗೊತ್ತಾದ ಮೇಲೆ ಮಾಡಿಕೊಂಡ ಏರ್ಪಾಡು

ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ ಇದೆಯೋ ಇಲ್ಲವೋ ಎಂದು ರಕ್ತ ಪರೀಕ್ಷೆಯಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಗೊತ್ತಾಗುವುದಿಲ್ಲ. ಲಕ್ಷಣಗಳು 12 ವರ್ಷದೊಳಗೇ ಇದ್ದಿರಬೇಕು ಎನ್ನುತ್ತದೆ ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿ, 2013ರ ಡಿಎಸ್‌ಎಂ-5. ಹಾಗಾಗಿ ಮಂಗಳೂರಿನ ಮನೋವೈದ್ಯರು ಕೆದಕಿದ್ದು ನನ್ನ ಬಾಲ್ಯವನ್ನು. ಬದಿಯಡ್ಕದಿಂದ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ.

"ಇವ ಸಣ್ಣದಿರುವಾಗಲೇ ಹಾಗೆ ಡಾಕ್ಟ್ರೇ. ಅಂಗಡಿಗೆ ಕಳಿಸಿದ್ರೆ ಎಂತ ತರ್ಲಿಕ್ಕೆ ಹೇಳಿದ್ದು ಅಂತ ಮರ್ತು ಅರ್ಧದಿಂದ ವಾಪಸ್ ಬರ್ತಿದ್ದ" ಅಂದರು ಅಮ್ಮ. ಉದಾಸೀನ ಎಂದು ಬೈಸಿಕೊಳ್ಳುತ್ತಿದ್ದ ಸಂಗತಿಯನ್ನೇ ಡಾಕ್ಟರು ಲಕ್ಷಣವೆಂದು ಬರೆದುಕೊಂಡರು. ಮನಸ್ಸು ಹಗುರಾಯಿತು, ಹಿಂದೆಯೇ ಸಿಟ್ಟೂ ಬಂತು.

ಮೀಥೈಲ್‌ಫೆನಿಡೇಟ್ ಮಾತ್ರೆಯಿಂದ ಕೂರುವ ತಾಳ್ಮೆ ಬಂತು. ಯಾವ ಕೆಲಸಕ್ಕೆ ಕೂರಬೇಕೆಂದು ಮಾತ್ರೆ ಹೇಳುವುದಿಲ್ಲ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ಮದ್ದು, ಚೀಟಿ ಇಲ್ಲದೆ ಕೊಡುವುದಿಲ್ಲ; ಮುಗಿಯುವ ಮೊದಲೇ ನೆನಪಿಟ್ಟು ತರಬೇಕು. ಮರೆವಿನವನಿಗೇ ಈ ಪರೀಕ್ಷೆ!

ನನಗೆ ದಾರಿ ಸಿಕ್ಕಿದ್ದು ಅಡಕೆ ಸುಲಿಯುವಲ್ಲಿ. ಕೋಣೆಯಲ್ಲಿ ಒಬ್ಬನೇ ಕೂತು ಅರ್ಧ ಪುಟ ಓದಲಾಗದ ನಾನು, ಸುಲಿಯುವವರ ಸಾಲಿನಲ್ಲಿ ಕೂತರೆ ಗೋಣಿ ಖಾಲಿಯಾಗುವವರೆಗೂ ಏಳುತ್ತಿರಲಿಲ್ಲ. ಅಡಕೆಯ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಪಕ್ಕದಲ್ಲಿ ಜನ, ಕೈಗೆ ಕೆಲಸ, ಎಷ್ಟಾಯಿತೆಂದು ತೋರಿಸುವ ರಾಶಿ ಕಣ್ಣೆದುರೇ. ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುವಾಗ ಪುಸ್ತಕವನ್ನು ಅದೇ ಜಗಲಿಗೆ ತಂದೆ. ಮುಗಿಸಿದ ಪ್ರಶ್ನೆಪತ್ರಿಕೆಗಳನ್ನು ಪಕ್ಕದಲ್ಲೇ ಪೇರಿಸಿಟ್ಟೆ. ಸುಲಿಯುವ ಕೆಲಸ ಇಲ್ಲದ ದಿನ ಗೆಳೆಯನಿಗೆ ವಿಡಿಯೋ ಕರೆ. ಮಾತಿಲ್ಲ, ಅವನ ಕೆಲಸ ಅವನಿಗೆ, ನನ್ನದು ನನಗೆ. ಬಾಡಿ ಡಬ್ಲಿಂಗ್ ಎಂದು ಹುಡುಕಿದರೆ ಇದರ ಬಗ್ಗೆ ಸಿಗುತ್ತದೆ.

ಹೊತ್ತಿನ ಅಂದಾಜು ಇಂದಿಗೂ ಇಲ್ಲ. ಅದಕ್ಕೆ ರೈಲು ಬರುವ ಸಮಯವನ್ನು ಎಲ್ಲೂ ಬರೆಯುವುದಿಲ್ಲ. ಕುಂಬಳೆಗೆ ಬಸ್ಸು, ಟಿಕೆಟಿನ ಸಾಲು, ಚಪ್ಪಲಿ ಹುಡುಕುವುದು ಎಲ್ಲ ಕಳೆದು, ಮನೆ ಬಿಡುವ ಸಮಯವನ್ನಷ್ಟೇ ಗೋಡೆಗೆ ಅಂಟಿಸುತ್ತೇನೆ.

"ಈಗ ಸರಿ ಆಯ್ತಲ್ಲ ನಿಂಗೆ?" ಎಂದು ಅಣ್ಣ ಕೇಳುತ್ತಾನೆ. ಸರಿ ಆಗುವ ಲೆಕ್ಕವನ್ನೇ ನಾನು ಬಿಟ್ಟಿದ್ದೇನೆ. ಓದು ಈಗಲೂ ನಡುವೆ ಕೈತಪ್ಪುತ್ತದೆ. ಮೊದಲಾದರೆ ಬಿಟ್ಟೆನಲ್ಲ ಎಂಬ ನಾಚಿಕೆಯಲ್ಲೇ ತಿಂಗಳು ಕಳೆಯುತ್ತಿತ್ತು, ಈಗ ಒಂದೆರಡು ದಿನದಲ್ಲಿ ಮರಳುತ್ತೇನೆ. ನನ್ನ ಬೆಳವಣಿಗೆಯನ್ನು ಅಳೆಯುವುದು ಅದರಲ್ಲಿ. ಮರಳುವುದು ಸಲೀಸಾಗಲೆಂದು, ಏಳುವ ಮುಂಚೆ ಮುಂದೇನು ಮಾಡಬೇಕೆಂದು ಒಂದು ಸಾಲು ಬರೆದಿಡುತ್ತೇನೆ. ಬೇರೆ ಚೀಟಿಯಲ್ಲಿ ಬರೆದರೆ ಕಳೆದುಹೋಗುತ್ತದೆ, ಪುಸ್ತಕದ ಅಂಚಿನಲ್ಲೇ ಬರೆಯುವುದು.