ಕತ್ತರಿ ಹಿಡಿಯುವ ಮೊದಲು ಕಲ್ಲು ಯಾವುದೆಂದು ನೋಡುತ್ತೇನೆ

ಮುಂಬೈ ಪಕ್ಕದ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ನಾಯಿಯ ಮೂತ್ರದಲ್ಲಿ ರಕ್ತ ಎಂದು ಬರುವವರು ಬಹಳ. ಎಷ್ಟೋ ಸಲ ಮೊದಲೇ ಆ್ಯಂಟಿಬಯೋಟಿಕ್ ಆಗಿರುತ್ತದೆ. ಮಾತ್ರೆ ಇರುವಷ್ಟು ದಿನ ಆರಾಮ, ನಿಲ್ಲಿಸಿದರೆ ಮತ್ತೆ ಅದೇ. ಅಂಥ ನಾಯಿಗೆ ನಾನು ಸುಮ್ನೆ ಇನ್ನೊಂದು ಕೋರ್ಸ್ ಬರೆಯುವುದಿಲ್ಲ, ಮೂತ್ರಕೋಶದಲ್ಲಿ ಕಲ್ಲು ಇದೆಯೇ ಎಂದು ಎಕ್ಸ್‌ರೇ ತೆಗೆಸುತ್ತೇನೆ.

ಉಡುಪಿ ಕಡೆಯ ಮನೆಯೊಂದರ ಹೆಣ್ಣು ಪಗ್ ಹೀಗೇ ಬಂತು. ಅಜ್ಜಿ ಅದಕ್ಕೆ ಬಾಳೆದಿಂಡಿನ ರಸ ಕುಡಿಸುತ್ತಿದ್ದರು. "ಡಾಕ್ಟ್ರೇ, ನಮಗೆಲ್ಲ ಇದರಲ್ಲೇ ಕಲ್ಲು ಹೋಗ್ತದೆ, ನಾಯಿಗೆ ಆಗುದಿಲ್ವಾ?" ಎಂದರು. ನಾಯಿಯ ಕಲ್ಲೇ ಬೇರೆ ಎಂದು ಎಕ್ಸ್‌ರೇ ತೋರಿಸಿ ಹೇಳಿದೆ. ಮೂತ್ರಕೋಶದಲ್ಲಿ ಎರಡು ದೊಡ್ಡ ಕಲ್ಲುಗಳಿದ್ದವು.

ಹೊಟ್ಟೆಯ ಮೂಲಕ ಸೂಜಿ ಹಾಕಿ ಮೂತ್ರ ತೆಗೆದು, ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ಎಂದು ತಿಳಿಯಲು ಕಲ್ಚರ್‌ಗೆ ಕಳಿಸಿದೆ. ನೆಲದಿಂದ ಎತ್ತಿದ ಮೂತ್ರದಲ್ಲಿ ಹೊರಗಿನ ಕೊಳೆಯೂ ಸೇರಿರುತ್ತದೆ. ಸ್ಟೆಫೈಲೊಕಾಕಸ್ ಬೆಳೆಯಿತು, ಪಿಎಚ್ 8 ಇತ್ತು, ಅಂದರೆ ಮೂತ್ರ ಕ್ಷಾರ. ಈ ಬ್ಯಾಕ್ಟೀರಿಯಾ ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ. ಮೂತ್ರ ಕ್ಷಾರವಾಗಿ ಸ್ಟ್ರೂವೈಟ್ ಎಂಬ ಬಗೆಯ ಕಲ್ಲು ಕಟ್ಟುತ್ತದೆ. ಕಲ್ಲಿನೊಳಗೂ ಬ್ಯಾಕ್ಟೀರಿಯಾ ಅಡಗಿರುವುದರಿಂದಲೇ ಮಾತ್ರೆ ಬಿಟ್ಟೊಡನೆ ಕಾಯಿಲೆ ಮರಳುತ್ತದೆ.

ಸ್ಟ್ರೂವೈಟ್ ಕರಗುತ್ತದೆ. ಹಾಗಾಗಿ ಪಗ್‌ಗೆ ಆಪರೇಷನ್ ಮಾಡಲಿಲ್ಲ. ಕಲ್ಚರ್ ಹೇಳಿದ ಆ್ಯಂಟಿಬಯೋಟಿಕ್, ಜೊತೆಗೆ ಕಲ್ಲು ಕರಗಿಸುವ ಪ್ರಿಸ್ಕ್ರಿಪ್ಷನ್ ಆಹಾರ ಮಾತ್ರ. ಚಪಾತಿ ಚೂರು, ಬಿಸ್ಕೆಟ್ ಎಲ್ಲ ಬಂದ್. ಕಷ್ಟವಾದದ್ದು ಇದೇ, ಮನೆಯಲ್ಲಿ ಎಲ್ಲರ ಕೈಯೂ ಕಟ್ಟಬೇಕಲ್ವಾ? ತಿಂಗಳಿಗೊಮ್ಮೆ ಎಕ್ಸ್‌ರೇ ನೋಡಿದೆ. ಕಲ್ಲು ಕಾಣದಾದ ಮೇಲೂ ಇನ್ನೊಂದು ತಿಂಗಳು ಅದೇ ಆಹಾರ ಮುಂದುವರಿಸಿದೆವು, ಕಣ್ಣಿಗೆ ಬೀಳದ ಚೂರು ಉಳಿದಿರಬಹುದು.

ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಇನ್ನೊಂದು ಬಗೆಯ ಕಲ್ಲಾದರೆ ಯಾವ ಆಹಾರಕ್ಕೂ ಕರಗದು. ಶಿಟ್ಜು ತಳಿಯ ನಾಯಿಗಳಲ್ಲಿ ಇದು ಜಾಸ್ತಿ. ಮೂತ್ರದ ಜೊತೆ ಹೊರಬರಲಾರದಷ್ಟು ದೊಡ್ಡದಿದ್ದರೆ ತೆಗೆಯಲೇಬೇಕು. ಡಾಲ್ಮೇಶಿಯನ್‌ಗಳ ಯೂರೇಟ್ ಕಲ್ಲು ಎಕ್ಸ್‌ರೇಗೆ ಸರಿಯಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಬೇಕು.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಗಂಡು ನಾಯಿ. ಅದರ ಶಿಶ್ನದಲ್ಲಿ ಎಲುಬು ಇರುತ್ತದೆ, ಆ ಎಲುಬಿನ ಹಿಂದೆಯೇ ಕಲ್ಲು ಸಿಕ್ಕಿಕೊಳ್ಳುತ್ತದೆ. ಕಾಲೆತ್ತಿ ತಿಣುಕುತ್ತದೆ, ಹನಿಯೂ ಬರುವುದಿಲ್ಲ. ಮೂತ್ರ ಹೊರಹೋಗದೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯವೇ ನಿಲ್ಲಬಹುದು. ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಕರೆತನ್ನಿ. ಮೊದಲು ಡ್ರಿಪ್ ಹಾಕಿ ಪೊಟ್ಯಾಶಿಯಂ ಹಿಡಿತಕ್ಕೆ ತರುತ್ತೇನೆ. ಆಮೇಲೆ ಅರಿವಳಿಕೆ ಕೊಟ್ಟು, ಕ್ಯಾಥೆಟರ್ ಎಂಬ ಸಪೂರ ನಳಿಕೆಯಿಂದ ಸಲೈನ್ ಒತ್ತಿ ಕಲ್ಲನ್ನು ಹಿಂದೆ ಮೂತ್ರಕೋಶಕ್ಕೆ ತಳ್ಳಿ, ಅಲ್ಲಿಂದ ಆಪರೇಷನ್ ಮಾಡಿ ತೆಗೆಯುತ್ತೇನೆ. ಹೊಲಿಗೆ ಮುಗಿದ ಮೇಲೆ ಕಲ್ಲು ಉಳಿದಿಲ್ಲವೆಂದು ನೋಡಲು ಇನ್ನೊಂದು ಎಕ್ಸ್‌ರೇ ಖಂಡಿತ. ತೆಗೆದ ಕಲ್ಲು ಲ್ಯಾಬ್‌ಗೆ ಹೋಗಬೇಕು, ಮುಂದಿನ ಆಹಾರ ಅದರ ಮೇಲೆ ನಿಂತಿದೆ.

ಇಲ್ಲಿ ಮನೆಯವರು ಕೆಲಸ ಮುಗಿಸಿ ಲೋಕಲ್ ರೈಲು ಹಿಡಿದು ಬರುವವರೆಗೆ ನಾಯಿ ಮೂತ್ರ ಕಟ್ಟಿಕೊಂಡಿರುತ್ತದೆ, ಮೂತ್ರ ನಿಂತಷ್ಟೂ ಕಲ್ಲು ಕಟ್ಟುವುದು ಸುಲಭ. ಮಧ್ಯಾಹ್ನ ಒಮ್ಮೆ ಯಾರಾದರೂ ಕೆಳಗೆ ಇಳಿಸಲಿ. ಊಟಕ್ಕೆ ನೀರು ಬೆರೆಸಿ ಕೊಡಿ.